ಹತ್ತೂವರೆಗೆ ಏಳುವ ಕೈ

ಪೆನ್ನಿನ ಮುಚ್ಚಳ ತಿರುಗಲಿಲ್ಲ.

ಡಿಸೆಂಬರ್ ತಿಂಗಳು, ಬೆಳಗಿನ ಐದು ಗಂಟೆ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಅಂತ ನನ್ನ ಗಂಡನ ಬ್ಯಾಂಕಿನಲ್ಲಿ ಗಾಬರಿಯೋ ಗಾಬರಿ. ಚಾಮರಾಜಪೇಟೆಯ ನಮ್ಮ ಮನೆಯ ಅಡಿಗೆಮನೆಯಲ್ಲಿ ನಾನು ಎಂದಿನಂತೆ ಮಣೆಯ ಮೇಲೆ ಹಾಳೆ ಇಟ್ಟುಕೊಂಡು ಕೂತಿದ್ದೆ. ಬೆರಳೊಳಗೆ ಯಾರೋ ನಾದಿದ ಹಿಟ್ಟು ತುಂಬಿದ ಹಾಗಿತ್ತು. ಚಳಿಗೆ ಅಂದುಕೊಂಡೆ. ಕೈಯನ್ನು ಬಿಸಿನೀರಿನಲ್ಲಿ ಅದ್ದಿದೆ. ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದೆ. ಬರೆದ ಅಕ್ಷರ ನೋಡಿದರೆ ನನ್ನದಲ್ಲ.

ಐದರಿಂದ ಆರೂಕಾಲು. ಒಂಬತ್ತು ವರ್ಷಗಳಿಂದ ಅಷ್ಟು ಹೊತ್ತು ಮಾತ್ರ ನನ್ನದು. ಆರೂಕಾಲಿಗೆ ಹಾಲು ಬರುತ್ತದೆ, ಆಮೇಲೆ ಕಾಫಿ, ಮಗಳ ಸ್ಕೂಲು, ಗಂಡನ ಡಬ್ಬಿ, ಅತ್ತೆಯ ಮಡಿನೀರು. ಆ ಒಂದೂಕಾಲು ಗಂಟೆಯಲ್ಲಿ ಬರೆದ ಕಥೆಗಳು ಬೇರೆ ಹೆಸರಿನಲ್ಲಿ ವಾರಪತ್ರಿಕೆಗಳಲ್ಲಿ ಬಂದಿದ್ದವು. ಗಂಡನಿಗೆ ಗೊತ್ತಿತ್ತು. ಅತ್ತೆಗೆ ಗೊತ್ತಿರಲಿಲ್ಲ. ಶುರುವಿನಲ್ಲೊಮ್ಮೆ ಅವರು, "ಏನೇ ವಿಮಲಾ, ರಾಮಕೋಟಿ ಬರೀತಿದೀಯಾ?" ಎಂದು ಕೇಳಿದ್ದರು. ನಾನು ಹೌದೆನ್ನಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅಂದಿನಿಂದ ಆ ಹೊತ್ತಿನಲ್ಲಿ ಅವರು ಅಡಿಗೆಮನೆಗೆ ಕಾಲಿಟ್ಟವರಲ್ಲ.

ಸಂಕ್ರಾಂತಿಯ ಹೊತ್ತಿಗೆ ಒದ್ದೆ ಸೀರೆ ಹಿಂಡಲಾಗಲಿಲ್ಲ. ಆಮೇಲೆ ಎಡಗೈಯೂ ಊದಿತು. ರಕ್ತ ಪರೀಕ್ಷೆ, ಎಕ್ಸ್‌ರೇ. ರಿಪೋರ್ಟು ನೋಡಿದ ಡಾಕ್ಟರು, ನನ್ನಷ್ಟೇ ವಯಸ್ಸಿನ ಹೆಂಗಸು, ಕನ್ನಡಕ ತೆಗೆದಿಟ್ಟರು.

ರುಮಟಾಯ್ಡ್ ಆರ್ಥರೈಟಿಸ್.

"ವಾಸಿಯಾಗತ್ತಾ ಡಾಕ್ಟ್ರೇ?" ಎಂದರು ಗಂಡ.

"ಕಂಟ್ರೋಲಲ್ಲಿ ಇಟ್ಕೋಬಹುದು. ಮಾತ್ರೆ ಬಿಡೋ ಹಾಗಿಲ್ಲ. ತಿಂಗಳು ತಿಂಗಳು ಬ್ಲಡ್ ಟೆಸ್ಟ್ ಮಾಡಿಸ್ಬೇಕು."

ನನ್ನ ಬಾಯಿಂದ ಬಂದ ಪ್ರಶ್ನೆ ಬೇರೆಯೇ. "ಬೆಳಿಗ್ಗೆ ಐದಕ್ಕೆ ಕೈ ಆಡೋ ಹಾಗೆ ಏನಾದ್ರೂ ಮಾಡ್ಬಹುದಾ?"

"ಐದಕ್ಕೆ ಯಾಕಮ್ಮಾ?"

"ಬರೀಬೇಕು."

ಅವರು ನಗಲಿಲ್ಲ. "ಈ ಕಾಯಿಲೆಗೆ ಬೆಳಿಗ್ಗೇನೇ ಬಿಗಿತ ಜಾಸ್ತಿ. ಯಾವ ಹೊತ್ತಿಗೆ ಬಿಡತ್ತೆ ಅಂತ ಒಂದು ತಿಂಗಳು ಗಮನಿಸಿ. ಆ ಹೊತ್ತಿಗೆ ಬರೀರಿ."

ಅಳಬೇಕಾಗಿತ್ತೇನೋ. ಮನೆಗೆ ಬಂದು ಗೋಡೆಯ ಕ್ಯಾಲೆಂಡರ್ ಕೆಳಗೆ ಪೆನ್ಸಿಲ್ ಕಟ್ಟಿದೆ. ಕರಿಬೇವಿನ ಎಲೆ ಬಿಡಿಸಲು ಬಂತು, ಒಂಬತ್ತೂವರೆ. ರವಿಕೆಯ ಹುಕ್ಕು ಹಾಕಲು ಬಂತು, ಹತ್ತು. ಸೂಜಿಗೆ ದಾರ, ಹತ್ತೂವರೆ. ಮೋಡ ಕವಿದ ದಿನ ಇನ್ನೂ ತಡ. ನಲವತ್ತೊಂದು ವರ್ಷ ಈ ಕೈಯಲ್ಲಿ ಉಂಡಿದ್ದೆ, ತಲೆ ಬಾಚಿದ್ದೆ, ಕಥೆ ಬರೆದಿದ್ದೆ. ಅದನ್ನು ಒಮ್ಮೆಯೂ ಹೀಗೆ ನೋಡಿರಲಿಲ್ಲ. ಪಕ್ಕದ ಮನೆಗೆ ಹೊಸದಾಗಿ ಬಂದವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವಾಗ ಬಾಗಿಲು ತೆಗೆಯುತ್ತಾರೆ ಎಂದು ಕಿಟಕಿಯಿಂದ ನೋಡುವಂಥ ಕುತೂಹಲ. ನೋವಿನ ನಡುವೆ ಅಂಥದ್ದೊಂದು ಹುಟ್ಟಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ತಿಂಗಳ ಕೊನೆಗೆ ತಿಳಿಯಿತು. ಹತ್ತೂವರೆಯಿಂದ ಹನ್ನೆರಡೂವರೆ, ಕೈ ನನ್ನ ಮಾತು ಕೇಳುತ್ತದೆ.

ಆದರೆ ಅತ್ತೆಗೆ ಹನ್ನೆರಡಕ್ಕೆ ಸರಿಯಾಗಿ ಎಲೆಯ ಮೇಲೆ ಬಿಸಿ ಅನ್ನ ಬೇಕು. ಆ ಹೊತ್ತಿನಲ್ಲಿ ಅವಿತು ಬರೆಯಲು ಜಾಗವೇ ಇಲ್ಲ.

ಗಂಡ ಸೈಕಲ್ ಅಂಗಡಿಯಿಂದ ಹಳೇ ಟ್ಯೂಬಿನ ತುಂಡು ತಂದು ಪೆನ್ನಿಗೆ ಸುತ್ತಿ ದಪ್ಪ ಮಾಡಿಕೊಟ್ಟರು. ಒಂದು ಸೋಮವಾರ ಹತ್ತೂವರೆಗೆ ಅದನ್ನು ಹಿಡಿದು ನಡುಮನೆಯ ಕುರ್ಚಿಯಲ್ಲಿ ಕೂತೆ. ಅತ್ತೆ ಬಂದು ಹಾಳೆಯ ಮೇಲೆ ಬಗ್ಗಿದರು.

"ರಾಮಕೋಟೀನ ಹೀಗೆ ಕುರ್ಚಿ ಮೇಲೆ ಕೂತು ಬರೀತಾರೇನೆ?"

"ಇದು ರಾಮಕೋಟಿ ಅಲ್ಲ ಅಮ್ಮ. ಕಥೆ."

"ಇಷ್ಟ್ ವರ್ಷ ಬರ್ದಿದ್ದೂ?"

"ಹೂಂ."

ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ.

ಮೂರನೆಯ ದಿನ ಹನ್ನೊಂದೂಮುಕ್ಕಾಲಿಗೆ ನಾನು ಪೆನ್ನು ಮುಚ್ಚಿ ಏಳುವಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಅತ್ತೆ ಸೆರಗಿನಲ್ಲಿ ಕೈ ಒರೆಸುತ್ತ ಬಾಗಿಲಲ್ಲಿ ನಿಂತಿದ್ದರು. "ನನ್ ಅನ್ನ ನಾನ್ ಮಾಡ್ಕೋತೀನಿ. ರಾಮನ ಹೆಸರಲ್ಲಿ ಮೋಸ ಮಾಡಿದ್ದು ತಪ್ಪು, ಅದು ಬೇರೆ ವಿಷ್ಯ. ಬರ್ದಿದ್ದನ್ನ ನಂಗೆ ಓದಿ ಹೇಳ್ಬೇಕು."

ಹೀಗೆ ಹೊಸ ದಿನಚರಿ ಕೂತಿತು. ಬೆಳಿಗ್ಗೆ ಗಂಡ ತೆಂಗಿನಕಾಯಿ ತುರಿಯುವುದನ್ನು ಕಲಿತರು. ಊಟವಾದ ಮೇಲೆ ನಾನು ಓದುವುದು, ಅತ್ತೆ ಕೇಳುವುದು. "ಮುಂದೆ?" ಎನ್ನುತ್ತಿದ್ದರು. ಮುಂದೆ ಏನೆಂದು ನನಗೂ ತಿಳಿದಿರುತ್ತಿರಲಿಲ್ಲ. ಮರುದಿನ ಹತ್ತೂವರೆಗೆ ಕೂರಲು ಅದೇ ಕಾರಣವಾಗುತ್ತಿತ್ತು.

ಆಷಾಢದಲ್ಲಿ ರಿಪೋರ್ಟು ಕೆಟ್ಟಿತು. ಲಿವರ್ ಟೆಸ್ಟ್ ಏರಿದೆ, ಮಾತ್ರೆ ನಿಲ್ಲಿಸಿ ಎಂದರು ಡಾಕ್ಟರು. ಎರಡೇ ವಾರದಲ್ಲಿ ಗೆಣ್ಣುಗಳು ಕೆಂಪಾಗಿ ಉಬ್ಬಿದವು. ಹತ್ತೂವರೆ ಬಂತು, ಹೋಯಿತು. ಸಂಜೆಯಾದರೂ ಕೈ ಏಳಲಿಲ್ಲ. ಲೋಟ ಹಿಡಿಯಲಾಗದೆ ಮಗಳ ಕೈಯಲ್ಲಿ ಕಾಫಿ ಕುಡಿದೆ. ಇನ್ನು ಬರೆಯುವುದು ಮುಗಿಯಿತು ಎಂದುಕೊಂಡೆ.

ನಿಜವಾಗಿಯೂ ಹಾಗಂದುಕೊಂಡೆ.

ಆಗ ಅರ್ಧವಾಗಿದ್ದ ಕಥೆಯಲ್ಲಿ ಒಬ್ಬ ಗೃಹಿಣಿ ಪಾತ್ರೆ ಹಿಂದಿರುಗಿಸಲು ಪಕ್ಕದ ಬೀದಿಗೆ ಹೋದವಳು, ಮನೆಗೆ ಬಾರದೆ ಸುಮ್ಮನೆ ನಡೆಯುತ್ತ ಹೋಗುತ್ತಾಳೆ. "ಪಾಪ, ಅವಳನ್ನ ಎಷ್ಟ್ ದಿನ ಬೀದೀಲಿ ನಿಲ್ಲಿಸ್ತೀಯೇ?" ಎಂದರು ಅತ್ತೆ. "ನೀನು ಹೇಳು, ನಾನು ಬರ್ಕೋತೀನಿ."

ನಾಲ್ಕನೇ ಕ್ಲಾಸಿನವರೆಗೆ ಓದಿದವರ ಅಕ್ಷರ, ಒಂದೊಂದೂ ಕಡಲೆಪುರಿಯಷ್ಟು ದಪ್ಪ. ನಾನು ಒಂದು ವಾಕ್ಯ ಹೇಳಿ ಕಾಯಬೇಕು. ಕಾಯುವಾಗ ಆ ವಾಕ್ಯ ಸುಳ್ಳೋ ನಿಜವೋ ಗೊತ್ತಾಗುತ್ತಿತ್ತು. ದಿನಕ್ಕೆ ಅರ್ಧ ಪುಟ. ಕಥೆ ಮುಗಿಯಿತು.

ಬೇರೆ ಮಾತ್ರೆ ಹಿಡಿಯಲು ಎರಡು ತಿಂಗಳು ಬೇಕಾಯಿತು. ಬಲಗೈಯ ಕಿರುಬೆರಳು ನೇರವಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಬರೆಯಲು ಅದರ ಹಂಗು ಅಷ್ಟಾಗಿ ಬೇಕಿಲ್ಲ. ಹೋದ ವಾರ ಕಥೆಯ ಶುದ್ಧಪ್ರತಿ ಮಾಡಲು ಕೂತೆ. ಐದನೆಯ ಪುಟದಲ್ಲಿ ನಾನು ಹೇಳದ ಒಂದು ಸಾಲಿತ್ತು.

"ಅವಳಿಗೆ ಮನೆಗೆ ಹೋಗಬೇಕು ಅನ್ನಿಸಲಿಲ್ಲ, ಆದರೆ ಹಸಿವಾಗಿತ್ತು."

ಹಾಳೆ ಹಿಡಿದು ಅತ್ತೆಯ ಬಳಿ ಹೋದೆ. "ಅಮ್ಮ, ಇದು ನಾನು ಹೇಳಿದ್ದಲ್ಲ."

ಅವರು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಅಷ್ಟು ದೂರ ನಡೆದ್ರೆ ಹಸಿವಾಗಲ್ವೇನೆ? ನಿನ್ನ ಕಥೆ ಹೆಂಗಸರು ಯಾರೂ ಊಟಾನೇ ಮಾಡಲ್ಲ."

ಕುರ್ಚಿಗೆ ಮರಳಿ ಬಂದೆ. ಆ ಸಾಲನ್ನು ಹಾಗೇ ಬರೆದುಕೊಂಡೆ.