ಕಪ್ಪುಜನರಿಗಾಗಿ ಕಣ್ಣೀರಿಡುವ ಮಾಸ್ತರರು
ಮುಧೋಳದ ನಮ್ಮ ವಾಚನಾಲಯಕ್ಕೆ ದಿನಾ ಬರುವ ನಿವೃತ್ತ ಶಿಕ್ಷಕ ಅಂದಾನೆಪ್ಪನವರಿಂದ ಗ್ರಂಥಪಾಲಕಿಯಾದ ನನಗೆ ಸಾಕುಸಾಕಾಗಿತ್ತು. ಅಮೆರಿಕದ ಕಪ್ಪುಜನರ ಬದುಕಿನ ಪುಸ್ತಕವೊಂದನ್ನು ಅವರು ಆರು ತಿಂಗಳಿಂದ ಬೇರೆಯವರ ಕೈಗೆ ಬಿಟ್ಟಿರಲಿಲ್ಲ. 'ಮೌನವಾಗಿರಿ' ಎಂಬ ಫಲಕದ ಕೆಳಗೇ ಕೂತು ಗಟ್ಟಿಯಾಗಿ ಓದುವರು, ಪೇಪರ್ ನೋಡಲು ಬಂದವರ ತೋಳು ಹಿಡಿದು, "ಬಣ್ಣ ನೋಡಿ ಬಾಡಿಗಿ ಮನಿ ಕೊಡಲಿಲ್ಲಂತ್ರೀ, ಅವರೇನು ಮನಷ್ಯಾರೇನ್ರೀ?" ಎಂದು ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುವರು. ಅವರ ಮಾಳಿಗೆ ಮೇಲಿನ ಎರಡು ಖೋಲಿ ಖಾಲಿಯಿವೆಯೆಂದು ತಿಳಿದು ಒಂದು ದಿನ ನಾನೇ ಬಾಡಿಗೆಗೆ ಕೇಳಿದೆ. "ನೀವು ಯಾವ ಪೈಕಿ, ತಂಗಿ?" ಎಂದರು. "ದಲಿತರ್ರೀ ಸರ್" ಎಂದೆ. ಚಷ್ಮಾ ತೆಗೆದು ಬಹಳ ಹೊತ್ತು ಒರೆಸಿದರು. "ನಂದೇನೂ ತಕರಾರಿಲ್ಲ, ತಂಗಿ. ನಮ್ಮ ಮನ್ಯಾಕಿ ಒಪ್ಪೂದಿಲ್ಲ." ನನಗೆ ಮೈಯೆಲ್ಲ ಉರಿಯಿತು. ಸಂಜೆ ಅವರ ಮನೆಗೇ ಹೋಗಿ ಹೆಂಡತಿ ರತ್ನಾಬಾಯಿಯವರನ್ನು ಕೇಳಿದೆ. ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ, ಪಡಸಾಲೆಯಲ್ಲಿ ಕೂತಿದ್ದ ಗಂಡನತ್ತ ನೋಡಿದರು. "ನಲವತ್ತ ವರ್ಷದಾಗ ನೀವು ನನ್ನ ಒಂದ ಮಾತರ ಕೇಳೀರೇನ್ರಿ? ಇವತ್ತ್ಯಾಕ ನನ್ನ ಹೆಸರು ಹೇಳಿದ್ರಿ?" ಮಾಸ್ತರರು ಮತ್ತೆ ಚಷ್ಮಾ ತೆಗೆದು ಒರೆಸತೊಡಗಿದರು. ರತ್ನಾಬಾಯಿ ಎದ್ದು, ಹಿಟ್ಟು ಮೆತ್ತಿದ ಕೈಯಿಂದಲೇ ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟು ಮುಚ್ಚಿ ಹಿಡಿದರು. "ಸೋಮವಾರ ಸಾಮಾನು ತಗೊಂಡು ಬಾರವಾ."