ತಮ್ಮನ ಟೋಪಿ, ಡಚ್ಚರ ಕವಚ

ನಾನು ಡ್ರಾಯಿಂಗ್ ಟೀಚರು. ಹಳೇ ಕಾಲದ ಡಚ್ ಚಿತ್ರಕಾರರು ಬರದ ಒಂದು ನಮೂನಿ ಚಿತ್ರದ ಹುಚ್ಚು ನನಗ ಭಾಳ. ಮೇಜಿನ ಮ್ಯಾಲೆ ಎದೆಕವಚ, ಕತ್ತಿ, ನಗಾರಿ. ಬಾಜೂಕ ಒಂದು ತಲೆಬುರುಡೆ, ಆರಿದ ಮೇಣಬತ್ತಿ. ಕವಚ ಎಷ್ಟು ಹೊಳೀತೈತಿ ಅಂದ್ರ, ಎದುರಿನ ಕಿಡಕಿ ಅದರಾಗ ಕಾಣತೈತಿ. ಒಳಗ ಮಾತ್ರ ಯಾರೂ ಇಲ್ಲ. ಎಂಥಾ ಶೂರ ಇದ್ರೂ ಕಡೀಕ ಇಷ್ಟ ನೋಡಪಾ, ಅಂತ ಅದರ ಅರ್ಥ.

ಅಂಥಾದ್ದೊಂದು ನಾನೂ ಬರೀಬೇಕು ಅನಸ್ತು. ಸಾಮಾನು ಮನ್ಯಾಗ ಇತ್ತಲ್ಲ! ಬೆಳಗಾವಿ ಕಡೆಯ ಫೌಜಿ ಮನೆತನ ನಮ್ಮದು. ಅಪ್ಪ ಕಾಮಠಿ ಫೌಜಿ ಛಾವಣಿಯೊಳಗ ರಿಟೈರ್ ಆಗಿ, ಅಲ್ಲೇ ಹತ್ರ ಮನೀಶ್ ನಗರದಾಗ ಮನಿ ಮಾಡ್ಯಾನ. ತಮ್ಮನೂ ಫೌಜಿಗೆ ಹ್ವಾದ, ಗಡಿಯೊಳಗ ಹಿಮ ಕುಸದು ಸತ್ತ. ಟ್ರಂಕು ಅಷ್ಟ ಮನಿಗೆ ಬಂತು: ಉಣ್ಣಿ ಟೋಪಿ, ಹಿತ್ತಾಳಿ ಬಕಲಿನ ಪಟ್ಟಾ, ಒಂದು ಮಗ್ಗು. ಅಪ್ಪ ಅದನ್ನ ಮುಟ್ಟತಿರಲಿಲ್ಲ. ಅಂವ ಹೊರಗ ಹ್ವಾದ್ರ ಸಾಕು, ಅವ್ವ ಟ್ರಂಕು ತಗದು ಆ ಟೋಪಿಯೊಳಗ ಮುಖ ಇಟಗೊಂಡು ಕೂಡತಿದ್ಲು. ತಮ್ಮನ ತಲಿ ವಾಸನಿ ಅದರಾಗ ಇನ್ನೂ ಇತ್ತು. ನಾ ಒಂದಿನ ಬಾಗಲದಾಗ ನಿಂತು ನೋಡಿ, ಸುಮ್ಮನ ಸರದೆ.

ಒಂದಿನ ಮುಂಜಾನಿ ಅವ್ವ ಬಾಜೂ ಮನಿಯಾಕಿ ಜೋಡಿ ರಾಮದಾಸಪೇಠ್ ದವಾಖಾನಿಗೆ ಕಣ್ಣು ತೋರಸಾಕ ಹೋಗಿದ್ಲು. "ಅಪ್ಪಾ, ತಮ್ಮನ ಸಾಮಾನು ನಾಕು ದಿನ ಬೇಕಿತ್ತು, ಚಿತ್ರ ಬರೀತೀನಿ," ಅಂದೆ.

ಅಪ್ಪ ಟ್ರಂಕು ಎಳದು ಮುಂದ ಇಟಗೊಂಡ. ಆಮ್ಯಾಲೆ, "ಹಂಗ ಕೊಡಾಕ ಬರತೈತೇನವಾ? ಮಂದಿ ನೋಡೂ ಚಿತ್ರ. ಬರೋಬರ್ ಇರಬೇಕು," ಅಂದ. ಸಾಲಿಗೆ ಹೊತ್ತಾಗಿತ್ತು, ನಾ ಓಡಿದೆ.

ಸಂಜೀಕ ಬಂದೆ. ಬಕಲು ಬಂಗಾರದಂಗ ಹೊಳೀತಿತ್ತು. ಟೋಪೀನ ಅಪ್ಪ ಸಾಬಾಣ ಹಚ್ಚಿ ತೊಳದು, ಒಂದು ಚರಗಿ ಮ್ಯಾಲೆ ಬೋರಲ ಹಾಕಿ ಒಣಗಿಸಿದ್ದ. ತಮ್ಮ ಸತ್ತ ಮ್ಯಾಲೆ ಅಪ್ಪನ ಮುಖದಾಗ ಅಷ್ಟು ಕಳೆ ನಾ ನೋಡಿರಲಿಲ್ಲ.

ನನ್ನ ಹಿಂದಿಂದ ಅವ್ವ ಬಂದ್ಲು. ಟೋಪಿ ಎತ್ತಿ ಮೂಗಿಗೆ ಹಿಡಿದ್ಲು. ಹಂಗ ಹಿಡಕೊಂಡ ನಿಂತ್ಲು.

"ಹ್ಯಾಂಗೈತಿ? ಹೊಸಾದರಂಗ ಆಗೇತಿಲ್ಲೋ?" ಅಪ್ಪ ಕೇಳಿದ.

"ಹೂಂ. ಚಲೋ ತೊಳದೀರಿ," ಅಂದು ಅದನ್ನ ನನ್ನ ಕೈಯಾಗ ಇಟ್ಲು. "ತಗೋ, ಬರಿ. ಇನ್ನ ಅದರಾಗ ಬರಿಯೂದು ಬಿಟ್ರ ಬ್ಯಾರೆ ಏನೂ ಉಳದಿಲ್ಲ."

ಸುಡ್ಲಿ ನನ್ನ ಚಿತ್ರ! ಅಪ್ಪ, ಪಾಪ, ಇನ್ನೂ ನಗತಿದ್ದ. ಆಕಿ ಅದನ್ನ ಮೂಸತಿದ್ಲು ಅನ್ನೂದು ಅವಂಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು.