ಒಂದು ‘ಬಾ’ ಬಾಕಿ

ನಿನ್ನೆ ಮಧ್ಯಾಹ್ನ ನಮ್ಮ ಮನೆಯ ಮುಂದಿನಿಂದ ಒಂದು ಕಾರು ಹೊರಟಿತು. ಕಿಟಕಿಯ ಗಾಜು ಅರ್ಧ ಇಳಿಯಿತು. ಮೊಬೈಲು ಹಿಡಿದ ಕೈಯೊಂದು ಹೊರಬಂತು, ಅದರ ಹಿಂದೆಯೇ ‘ಬಾಯ್’ ಎಂಬ ಶಬ್ದ ಬಂತು, ಗಾಜು ಮತ್ತೆ ಏರಿತು. ನಾತಾಳ ಸೂಟಿಗೆಂದು ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಮಗಳು, ಅಳಿಯ ಮತ್ತು ಮೊಮ್ಮಗಳು ಹೋದದ್ದು ಹೀಗೆ. ಮೊಮ್ಮಗಳ ಕೆಂಪು ಟೊಪ್ಪಿಗೆ ಕಟ್ಟೆಯ ಮೇಲೆ ಉಳಿದಿತ್ತು, ತುದಿಗೆ ಅರಳೆಯ ಉಂಡೆ ಅಂಟಿಸಿದ್ದು. ಅದನ್ನು ಕೈಯಲ್ಲಿ ಹಿಡಿದು ನಾನು ರಸ್ತೆಯ ಧೂಳು ನೋಡುತ್ತ ನಿಂತೆ.

ಡಿಸೆಂಬರ್ ಕೊನೆಯ ರಜೆಗೆ ನಮ್ಮ ಬೈಲಹೊಂಗಲದ ಕಡೆ ನಾತಾಳ ಸೂಟಿ ಎನ್ನುವುದು ರೂಢಿ. ನಾತಾಳ ಎಂದರೆ ಕ್ರಿಸ್‌ಮಸ್ ಎಂದು ಗೊತ್ತಿರುವವರು ಎಷ್ಟು ಜನವೋ, ಸೂಟಿ ಎಂದರೇನು ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ನಮ್ಮವರು ಬಂದರು, ಉಂಡರು, ಮಲಗಿದರು. ಕಿತ್ತೂರಿಗೆ ಹೋಗಿ ಕೋಟೆಗೆ ಬೆನ್ನು ಹಾಕಿ ನಿಂತು ತಮ್ಮ ಮುಖದ ಫೋಟೋ ತೆಗೆದುಕೊಂಡರು. ನವಿಲುತೀರ್ಥಕ್ಕೆ ಹೋಗಿ ಅಣೆಕಟ್ಟಿಗೆ ಬೆನ್ನು ಹಾಕಿ ಅದೇ ಮುಖದ ಫೋಟೋ ಮತ್ತೆ ತೆಗೆದುಕೊಂಡರು. ಹೂಲಿಯ ಹಳೆಯ ಗುಡಿಗಳನ್ನಾದರೂ ತೋರಿಸೋಣ ಎಂದರೆ ಅಳಿಯ, “ಅಲ್ಲಿ ನೆಟ್‌ವರ್ಕ್ ಐತೇನ್ರಿ ಮಾಂವಾರ?” ಎಂದು ಕೇಳಿದ. ಬೇಕರಿಯಿಂದ ಒಂದು ಕೇಕು ತಂದು ಕೊಯ್ದರು. ಅದರಲ್ಲಿ ಮೊಟ್ಟೆ ಇಲ್ಲ ಎಂದು ನನಗೆ ಧೈರ್ಯ ಹೇಳಿದರು. ರುಚಿಯೂ ಇಲ್ಲ ಎಂಬುದನ್ನು ನಾನೇ ತಿಂದು ತಿಳಿದುಕೊಂಡೆ.

ಇಷ್ಟೆಲ್ಲ ಸಹಿಸಿದೆ. ಆ ‘ಬಾಯ್’ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ: ನಮ್ಮಲ್ಲಿ ಹೋಗುವವರು ‘ಹೋಗತೇನಿ’ ಎನ್ನುವುದಿಲ್ಲ, ‘ಬರತೇನಿ’ ಎನ್ನುತ್ತಾರೆ. ಕಳಿಸುವವರು ‘ಹೋಗಿ ಬಾ’ ಎನ್ನುತ್ತಾರೆ. ಬರೀ ‘ಹೋಗು’ ಎಂದರೆ ಅದು ಕಳಿಸಿದ್ದಲ್ಲ, ಅಟ್ಟಿದ್ದು. ‘ಬಾ’ ಎಂಬ ಈ ಒಂದಕ್ಷರದ ಲೆಕ್ಕ ಎಷ್ಟು ಬಿಗಿ ಎಂದು ನನಗೆ ಗೊತ್ತಾದದ್ದು ನನ್ನ ಅತ್ತಿಯಿಂದ, ಅಂದರೆ ಅಪ್ಪನ ಅಕ್ಕನಿಂದ.

ಅತ್ತಿಯನ್ನು ರಾಮದುರ್ಗಕ್ಕೆ ಕೊಟ್ಟಿತ್ತು. ಮಕ್ಕಳ ಸಾಲಿಗೆ ಬಿಡುವು ಸಿಗುತ್ತದೆಂದು ಪ್ರತಿವರ್ಷ ನಾತಾಳ ಸೂಟಿಗೆ ಬರುತ್ತಿದ್ದಳು. ಮಕ್ಕಳು ಸಾಲಿ ಬಿಟ್ಟು, ಮದುವೆಯಾಗಿ, ಮಗ ಹಿಟ್ಟಿನ ಗಿರಣಿ ಹಾಕಿದ ಮೇಲೂ ಅವಳ ನಾತಾಳ ಸೂಟಿ ಮುಗಿಯಲಿಲ್ಲ. ಬಂದ ದಿನವೇ ತವರುಮನೆಯ ತಪಾಸಣೆ ಶುರು. ಜೋಳದ ರೊಟ್ಟಿ ದಪ್ಪ, ಚಟ್ನಿ ತೆಳುವು, ಎಮ್ಮೆ ಬಡಕಲು, ನಾನು ದಡ್ಡ. ನನ್ನ ಅವ್ವ ಎಲ್ಲದಕ್ಕೂ ‘ಹೂನ್ರಿ’ ಎನ್ನುತ್ತ ತನಗೆ ಬೇಕಾದ ಹಾಗೆಯೇ ರೊಟ್ಟಿ ಬಡಿಯುತ್ತಿದ್ದಳು.

ಬರುವುದು ಸುಲಭ, ಅತ್ತಿ ಹೋಗುವುದಿತ್ತಲ್ಲ, ಅದು ದೊಡ್ಡ ಕಾರ್ಯಕ್ರಮ. ಮುಂಜಾನೆಯೇ ‘ಬರತೇನಿ’ ಶುರುವಾಗುತ್ತಿತ್ತು. ದೇವರ ಜಗಲಿಗೆ ಬರತೇನಿ, ಒಲೆಗೆ ಬರತೇನಿ, ಬಡಕಲು ಎಮ್ಮೆಗೆ ಬರತೇನಿ. ಅವ್ವ ಉಡಿ ತುಂಬಿದ ಮೇಲೆ ಇನ್ನೊಂದು ಬರತೇನಿ. ಹೊಸ್ತಿಲು ದಾಟಿದವಳು ಹಸಿ ಕಡಲೆಯ ಸುಲಗಾಯಿ ಗಂಟು ಮರೆತೆನೆಂದು ಮರಳಿ ಬರುತ್ತಿದ್ದಳು. ಗಂಟಿನ ಜೊತೆ ಒಂದು ಸುದ್ದಿ ನೆನಪಾಗುತ್ತಿತ್ತು, ಸುದ್ದಿಯ ಜೊತೆ ಅರ್ಧ ಕಪ್ ಚಹಾ. ಬಾಜೂ ಮನೆಯ ಮಕ್ತುಮಸಾಬ ಅವಳನ್ನು ಬಸ್‌ಸ್ಟ್ಯಾಂಡಿಗೆ ಮುಟ್ಟಿಸಲು ತನ್ನ ಟಂಟಂ ಗಾಡಿಯನ್ನು ಬಾಗಿಲಲ್ಲಿ ಗುಡುಗುಡು ಎನಿಸುತ್ತ ಕಾಯುತ್ತಿದ್ದ. ಒಮ್ಮೊಮ್ಮೆ ಅವನೂ ಒಳಗೆ ಬಂದು ಅರ್ಧ ಕಪ್ ಕುಡಿದು ಹೋಗುತ್ತಿದ್ದ. ಇಷ್ಟು ವೇಳೆಯಲ್ಲಿ ನಡೆದೇ ರಾಮದುರ್ಗ ಮುಟ್ಟಬಹುದಿತ್ತು ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಹಲ್ಲು ಕಡಿಯುವ ಗುಣ ಅಪ್ಪನಿಂದ ಬಂದದ್ದು. ಒಂದು ವರ್ಷ ಅವನ ಹಲ್ಲಿನ ತಾಳ್ಮೆ ಮುಗಿಯಿತು. ಅತ್ತಿ ಸವದತ್ತಿಯಲ್ಲಿ ಇಳಿದು ಹಿಡಿಯಬೇಕಾದ ರಾಮದುರ್ಗದ ಬಸ್ಸು ತಪ್ಪುವ ಹೊತ್ತಾಗಿತ್ತು. ಅತ್ತಿ ಮೆಟ್ಟಿಲಿಳಿದವಳು ಮತ್ತೆ ಹತ್ತಿ, “ಆ ಉಪ್ಪಿನಕಾಯಿಗಿ ಸಾಸಿವಿ ಎಷ್ಟ ಹಾಕಿದ್ದಿವಾ?” ಎಂದು ಅವ್ವನನ್ನು ಕೇಳಿದಳು. ಅಪ್ಪ ಪಡಸಾಲೆಯಿಂದ ಕೂಗಿದ:

“ಹೋಗ ಯವ್ವಾ, ಹೋಗ ಇನ್ನ!”

ಅತ್ತಿ ಸಾಸಿವೆಯ ಉತ್ತರಕ್ಕೂ ಕಾಯದೆ ಮೆಟ್ಟಿಲಿಳಿದಳು. ಮುಂಜಾನೆಯಿಂದ ಎಮ್ಮೆಗೂ ಹೇಳಿದ ಮಾತನ್ನು ತಮ್ಮನಿಗೆ ಹೇಳಲಿಲ್ಲ. ಅವ್ವ ಬೆನ್ನು ಹತ್ತಿ ಹೋಗಿ, “ಹೋಗಿ ಬರ್ರಿ ಅಕ್ಕಾರ, ಹೋಗಿ ಬರ್ರಿ,” ಎಂದಳು.

“ನೀ ಅಂದ್ರ ನಡಿಯೂದಿಲ್ಲವಾ. ಈ ಮನಿ ಹೆಣ್ಣಮಗಳಿಗಿ ಬಾ ಅನ್ನಾಂವ ಅಲ್ಲಿ ಕುಂತಾನ.”

ಮಕ್ತುಮಸಾಬ ಗಾಡಿಯಿಂದ ಕತ್ತು ಹೊರಹಾಕಿದ. “ಬಾ ಅನ್ರೀ ಸಾವ್ಕಾರ್ರ. ಒಂದ ಅಕ್ಷರ ಐತಿ.”

“ಅನ್ನದಿದ್ರೇನಾತು? ದಾರಿ ಗೊತ್ತಿಲ್ಲೇನ ಆಕೀಗಿ?” ಎಂದ ನನ್ನ ಅಪ್ಪ.

ಮುಂದಿನ ಡಿಸೆಂಬರಿನಲ್ಲಿ ಅತ್ತಿ ಬರಲಿಲ್ಲ. ಕಾರಣ ಕೇಳಿಕೊಂಡು ಬಾ ಎಂದು ಅವ್ವ ನನ್ನನ್ನು ರಾಮದುರ್ಗಕ್ಕೆ ಕಳಿಸಿದಳು. “ಹೋಗ ಅಂದ, ಬಂದೆ. ಬಾ ಅಂದ್ರ ಬರತೇನಿ. ಇದರಾಗ ತಿಳೀಲಾರದ್ದೇನ ಐತಿ?” ಎಂದಳು ಅತ್ತಿ. ನಾನು ಇದನ್ನು ತಂದು ಅಪ್ಪನ ಮುಂದೆ ಇಟ್ಟೆ. “ಬರಬ್ಯಾಡ ಅಂದೇನೇನ? ತೋರಸು, ಯಾವಾಗ ಅಂದೇನಿ?” ಎಂದ ಅಪ್ಪ. ಇಬ್ಬರೂ ವಕೀಲರಾಗಬೇಕಿತ್ತು. ಯಾವ ಪಾಪಕ್ಕೋ ಒಬ್ಬ ರೈತ, ಒಬ್ಬಳು ಗಿರಣಿಯವನ ತಾಯಿ ಆದರು, ಅವರಿಗೆ ಕಕ್ಷಿದಾರರಾಗಿ ಸಿಕ್ಕವರು ನಾವು.

ಬಳಗದಲ್ಲಿ ಹಿರಿಯರಿಗೇನು ಕೊರತೆ? ದೇಗಾಂವಿಯಲ್ಲಿ ಒಂದು ಮದುವೆಯಾಯಿತು. ಹಿರಿಯರು ಇಬ್ಬರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ, ಅಡಿಕೆ ಜಗಿಯುತ್ತ ಜಗತ್ತಿನ ಎಲ್ಲ ಅಕ್ಕತಮ್ಮಂದಿರ ಉದಾಹರಣೆ ಕೊಟ್ಟರು. ಅಪ್ಪ ಚಪ್ಪರ ನೋಡಿದ, ಅತ್ತಿ ಜಮಖಾನೆಯ ನೂಲು ಕಿತ್ತಳು. ಕೊನೆಗೆ ಹಸಿವು ತಡೆಯಲಾರದೆ ಅಪ್ಪ ಎದ್ದು, “ಬರ್ರೆಪಾ ಊಟಕ್ಕ,” ಎಂದ. ‘ಬಾ’ ಬಂತು, ಬಂತು ಎಂದು ಹಿರಿಯರು ಗದ್ದಲ ಮಾಡಿದರು. “ಅದು ಮಂದಿಗಿ ಅಂದಿದ್ದು,” ಎಂದು ಅತ್ತಿ ಅದನ್ನು ತಳ್ಳಿಹಾಕಿದಳು. ವ್ಯಾಕರಣದ ಪ್ರಕಾರ ಅವಳು ಹೇಳಿದ್ದು ಸರಿಯೇ, ಬಹುವಚನ. ಹಿರಿಯರು ಎರಡು ಸಲ ಬುಂದಿ ಹಾಕಿಸಿಕೊಂಡು, ಕಾಲ ಕೆಟ್ಟಿತು ಎಂದು ಎದ್ದರು.

ಮಧ್ಯದಲ್ಲಿ ಅತ್ತಿ ಒಂದೇ ಸಲ ನಮ್ಮ ಮನೆಗೆ ಬಂದಳು. ಅವ್ವ ತೀರಿಕೊಂಡ ದಿನ. ಅಂಗಳದಲ್ಲಿ ಕುಳಿತು ಅತ್ತಳು, ಅಪ್ಪನ ಪಕ್ಕದಲ್ಲೇ ಕುಳಿತು ಅತ್ತಳು. ಆದರೆ ಸಾವಿನ ಮನೆಯಿಂದ ಹೊರಡುವವರು ‘ಬರತೇನಿ’ ಎನ್ನುವಂತಿಲ್ಲ, ಕಳಿಸುವವರು ‘ಬಾ’ ಎನ್ನುವಂತಿಲ್ಲ. ಅಂಥ ಪದ್ಧತಿಯನ್ನು ಅವರಿಬ್ಬರೂ ಅಂದು ಬಲು ನಿಷ್ಠೆಯಿಂದ ಪಾಲಿಸಿದರು. ಅವಳು ತಲೆ ತಗ್ಗಿಸಿ ಎದ್ದು ಹೋದಳು, ಇವನು ತಲೆ ತಗ್ಗಿಸಿ ಕುಳಿತೇ ಇದ್ದ. ಪ್ರತಿ ಡಿಸೆಂಬರಿನಲ್ಲೂ ಸುಲಗಾಯಿಯ ಒಂದು ಗಂಟನ್ನು ಅತ್ತಿಗೆಂದು ಬೇರೆ ಇಡುತ್ತಿದ್ದವಳು ಅವ್ವ. ಅವಳ ಎದುರಿಗಾದರೂ ಇದು ಮುಗಿಯಬಾರದಿತ್ತೇ ಎಂದು ನನಗೆ ಇಬ್ಬರ ಮೇಲೂ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆಮೇಲೆ ಮೊಬೈಲು ಬಂತು. ಬಳಗದ ಯಾರೋ ಉತ್ಸಾಹಿ ‘ನಮ್ಮ ಮನೆತನ’ ಎಂದು ವಾಟ್ಸಾಪ್ ಗುಂಪು ಮಾಡಿದ. ಅಪ್ಪ ದಿನಾ ಬೆಳಿಗ್ಗೆ ಅದರಲ್ಲಿ ಒಂದು ಗುಲಾಬಿ ಹೂವು ಬಿಡುತ್ತಿದ್ದ. ಅತ್ತಿ ಅದಕ್ಕೆ ಹೆಬ್ಬೆರಳು ತೋರಿಸುತ್ತಿದ್ದಳು. ಅಷ್ಟು ಹೂವು ಕಳಿಸುವ ಮನುಷ್ಯ ಒಂದು ದಿನ ಒಂದಕ್ಷರ ಒತ್ತಿದ್ದರೆ ಅವನ ಬೆರಳೇನೂ ಸವೆಯುತ್ತಿರಲಿಲ್ಲ.

ಈ ಸಲ ನಾತಾಳ ಸೂಟಿ ಹತ್ತಿರ ಬಂದಾಗ ಅಪ್ಪ ಒಂದು ಮುಂಜಾನೆ, “ರಾಮದುರ್ಗಕ್ಕ ಹೋಗೂಣ ನಡಿ. ದೋತರ ತರಬೇಕು,” ಎಂದ. ದೋತರ ಬೈಲಹೊಂಗಲದ ಪೇಟೆಯಲ್ಲಿ ಸಿಗುವುದಿಲ್ಲವೇ? ಅಪ್ಪ ದೋತರ ಉಡುವುದು ಬಿಟ್ಟು ಪಾಯಜಾಮಾ ಹಾಕತೊಡಗಿ ಎಷ್ಟು ಕಾಲವಾಯಿತು? ನಾನು ಕೇಳಲಿಲ್ಲ. ಕಾರು ತೆಗೆದೆ.

ಅತ್ತಿ ಚುರುಮುರಿ ಕೊಟ್ಟಳು, ಚಹಾ ಕೊಟ್ಟಳು. ಇಬ್ಬರೂ ಮೊಣಕಾಲಿನ ಬಗ್ಗೆ ಮಾತಾಡಿದರು, ಮಾತ್ರೆಯ ಬಗ್ಗೆ ಮಾತಾಡಿದರು, ಸತ್ತವರ ಬಗ್ಗೆ ಮಾತಾಡಿದರು. ಬದುಕಿರುವ ಇಬ್ಬರ ಬಗ್ಗೆ ಮಾತ್ರ ಆಡಲಿಲ್ಲ. ಅಪ್ಪ ಎದ್ದ, “ಬರತೇನಿ ಅಕ್ಕಾ,” ಎಂದ. ಸೇಡು ತೀರಿಸಿಕೊಳ್ಳಲು ಅತ್ತಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಬರೀ ‘ಹೋಗು’ ಎಂದಿದ್ದರೆ ಸಾಕಿತ್ತು. ಅವಳು ಏನೂ ಎನ್ನದೆ ಒಳಗೆ ಹೋದಳು. ಅಪ್ಪ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಮೆಟ್ಟಿಲ ಮೇಲೆ ನಿಂತ. ಇಳಿಯಲಿಲ್ಲ. ‘ಹೋಗಿ ಬಾ’ ಕೇಳದೆ ಇಳಿಯುವುದು ಎಷ್ಟು ಕಷ್ಟ ಎಂದು ಆಗ ಅವನ ಮುಖದಲ್ಲಿ ಕಂಡೆ.

ಅತ್ತಿ ಹೊರಬಂದಾಗ ಕೈಯಲ್ಲಿ ದೊಡ್ಡದೊಂದು ವಾಯರ್ ಚೀಲವಿತ್ತು. “ಸವದತ್ತಿಯೊಳಗ ಕೆಲಸ ಐತಿ. ಅಲ್ಲಿ ತನಕಾ ಬಿಡ್ರಿ,” ಎಂದಳು. ಚೀಲದಿಂದ ನಾಲ್ಕೈದು ಸೀರೆಗಳ ಅಂಚು ಇಣುಕುತ್ತಿದ್ದವು, ನುಸಿಗುಳಿಗೆಯ ವಾಸನೆ ಬರುತ್ತಿತ್ತು. ನಾನು ಚೀಲವನ್ನೇ ನೋಡುವುದನ್ನು ಕಂಡು ಅವಳ ಸೊಸೆ ನನ್ನ ಕಿವಿಯಲ್ಲಿ ಹೇಳಿದಳು: “ವರ್ಷಾ ನಾತಾಳ ಸೂಟಿ ಬಂತಂದ್ರ ತುಂಬಿ ಇಡತಾರ್ರೀ. ಸೂಟಿ ಮುಗದ ಮ್ಯಾಲ ಬಿಚ್ಚತಾರ.”

ಸವದತ್ತಿ ಬಂತು. ನಾನು ಕಾರು ನಿಧಾನ ಮಾಡಿದೆ. ಅಪ್ಪ ಎಡಗಿಟಕಿಯಿಂದ ಹೊರಗೆ ನೋಡುತ್ತಿದ್ದ, ಅತ್ತಿ ಬಲಗಿಟಕಿಯಿಂದ. ಇಳಿಯುತ್ತೇನೆ ಎಂದು ಅವಳೂ ಅನ್ನಲಿಲ್ಲ, ಇಳಿಸು ಎಂದು ಅವನೂ ಅನ್ನಲಿಲ್ಲ. ಸವದತ್ತಿ ಹಿಂದೆ ಹೋಯಿತು. ದೋತರದ ನೆನಪು ಯಾರಿಗೂ ಆಗಲಿಲ್ಲ.

ಹೀಗೆ ಅತ್ತಿ ಬಂದಳು, ಅಕ್ಷರ ಬಾಕಿ ಇರುವಾಗಲೇ ಬಂದಳು. ಈಗ ರೊಟ್ಟಿ ದಪ್ಪ ಎನ್ನಿಸಿಕೊಳ್ಳುವ ಪಾಳಿ ನನ್ನ ಹೆಂಡತಿಯದು. ಅವಳು ಅವ್ವನಷ್ಟು ಸಾಧುವಲ್ಲ, ತಿರುಗಿ ಉತ್ತರ ಕೊಟ್ಟಳು. ಅದು ಅತ್ತಿಗೆ ಬಹಳ ಇಷ್ಟವಾಯಿತು. ಸೂಟಿ ಮುಗಿಯಿತು, ನಿನ್ನೆ ಮಗಳ ಮನೆಯವರು ‘ಬಾಯ್’ ಎಂದು ಹೋದರು, ಇವತ್ತು ಅತ್ತಿಯ ಸರದಿ.

ಕಾರಿನಲ್ಲಿ ಬಿಡುತ್ತೇನೆ ಎಂದೆ. “ಬಸ್ಸ ಪುಕ್ಕಟ ಐತಿ, ಯಾಕ ಬಿಡಲಿ?” ಎಂದಳು. ಮುಂಜಾನೆಯಿಂದಲೇ ‘ಬರತೇನಿ’ ಶುರುವಾಯಿತು. ಎಮ್ಮೆ ಈಗ ಇಲ್ಲ, ಅದರ ಬದಲು ವಾಷಿಂಗ್ ಮಷೀನಿಗೆ ಹೇಳಿದಳೋ ಏನೋ. ಮಕ್ತುಮಸಾಬನ ಟಂಟಂ ಹೊಸದು, ಮಕ್ತುಮಸಾಬ ಹಳಬನೇ. ನಾನು ಎಂದಿನಂತೆ ಹಲ್ಲು ಕಡಿಯುತ್ತ ಬಾಗಿಲಲ್ಲಿ ನಿಂತಿದ್ದೆ. ಒಳಗೊಳಗೆ ಹೆದರಿಯೂ ಇದ್ದೆ, ಈ ಸಲ ತಪ್ಪಿದರೆ ಇವರಿಬ್ಬರಿಗೆ ಇನ್ನೊಂದು ಡಿಸೆಂಬರ್ ಸಿಗುತ್ತದೆಂಬ ನಂಬಿಕೆ ನನಗಿರಲಿಲ್ಲ. ಅತ್ತಿ ಕೊನೆಗೂ ಮೆಟ್ಟಿಲಿಳಿದು ನಿಂತಳು.

“ಬರತೇನಿ.”

ಅಪ್ಪ ಪಡಸಾಲೆಯಲ್ಲಿ ಪೇಪರಿನ ಹಿಂದೆ ಏನೋ ಗೊಣಗಿದ.

“ಏನಂದಿ?”

“ಹೋಗಿ ಬಾ ಅಂದೆ.”

“ಕೇಳಸಲಿಲ್ಲ. ಟಂಟಂ ಆವಾಜ.”

ಮಕ್ತುಮಸಾಬ ಕೂಡಲೇ ಎಂಜಿನ್ ಬಂದ್ ಮಾಡಿದ.

“ಹೋಗಿ ಬಾ,” ಎಂದ ಅಪ್ಪ.

“ಹೋಗ ಅನ್ನೂದು ಕೇಳಿಸಿತು. ಅದು ಹಿಂದಕ್ಕೂ ಕೇಳಿಸಿತ್ತು. ಮುಂದಿಂದು ಕೇಳಸವಲ್ತು.”

ಅಪ್ಪ ಪೇಪರು ಒಗೆದು ಎದ್ದ, ಮೊಣಕಾಲು ಹಿಡಿದುಕೊಂಡು ಬಾಗಿಲಿಗೆ ಬಂದ. “ಬಾ! ಬಾ ಅಂದೆ, ಬಾ! ಸಾಕೇನ?” ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದ. ಎದುರು ಮನೆಯವರು ಹೊರಗೆ ಬಂದು ನೋಡಿದರು.

ಅತ್ತಿ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿ ಸೀದಾ ಒಳಗೆ ಬಂದಳು. “ಇಷ್ಟ ಬಾ ಬಾ ಅಂತ ಕರದ ಮ್ಯಾಲ ಹೆಂಗ ಹೋಗಲಿ?” ಎಂದು ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ನನ್ನ ಹೆಂಡತಿಗೆ ಹೇಳಿದಳು: “ಅರ್ಧಾ ಕಪ್ ಚಾ ಇಡವಾ. ಮಕ್ತುಮಸಾಬಗೂ ಇಡು.”

“ನೋಡಿದೇನ? ಇದಕ್ಕ ನಾ ಇಷ್ಟ ವರ್ಷ ಅಂದಿದ್ದಿಲ್ಲ,” ಎಂದ ಅಪ್ಪ, ನನ್ನ ಕಡೆ ತಿರುಗಿ. ಬೈಯುವವನ ಹಾಗೆಯೇ ಹೇಳಿದ, ಆದರೆ ಅತ್ತಿಯ ಚೀಲವನ್ನು ತಾನೇ ಎಳೆದು ಗೋಡೆಗೆ ಒರಗಿಸಿಟ್ಟ.

ಸವದತ್ತಿಯ ಬಸ್ಸು ಹೋಯಿತು. ನಾನು ಕಟ್ಟೆಗೆ ಬಂದು ಕುಳಿತೆ. ಕೆಂಪು ಟೊಪ್ಪಿಗೆ ನಿನ್ನೆ ನಾನು ಇಟ್ಟ ಕಡೆಯೇ ಇತ್ತು. ಆ ಗಾಜು ಏರಿದಾಗ ನಾನೇನು ಅಂದಿದ್ದೆ ಎಂದು ನೆನಪು ಮಾಡಿಕೊಂಡೆ. ಏನೂ ಅಂದಿರಲಿಲ್ಲ, ಕೈ ಎತ್ತಿದ್ದೆ ಅಷ್ಟೆ. ಮಗಳಿಗೆ ಫೋನ್ ಹಚ್ಚಿದೆ.

“ಏನ್ ಪಪ್ಪಾ, ಟೊಪ್ಪಿಗಿ ಬಿಟ್ಟ ಬಂದೇವಂತನಾ? ಇರಲಿ ಬಿಡ್ರಿ.”

“ಟೊಪ್ಪಿಗಿ ಅಲ್ಲ. ನಿನ್ನೆ ಹೋಗಿ ಬಾ ಅನ್ನೂದು ಬಿಟ್ಟಿತ್ತು. ಹೋಗಿ ಬಾ.”

“ನಾವು ನಿನ್ನೇನ ಮುಟ್ಟೇವಲ್ಲ ಪಪ್ಪಾ. ಇಷ್ಟಕ್ಕ ಫೋನ್ ಮಾಡಿದ್ರೇನು?”

“ಹೂಂ,” ಎಂದೆ. “ಇಷ್ಟಕ್ಕ.”